ಓಪನ್ ಬ್ಯಾಫಲ್ ಸ್ಪೀಕರ್: ಯಾವ ವೂಫರ್, ಎಂಥ ಕ್ರಾಸ್‌ಓವರ್?

ಪ್ರಶ್ನೆ (ಡೊಂಬಿವಲಿ): ಸರ್, ನಮ್ಮ ಹಾಲ್ 10ಕ್ಕೆ 14 ಅಡಿ. 8 ಇಂಚಿನ ಫುಲ್‌ರೇಂಜ್ (ಎಲ್ಲ ಸ್ವರವನ್ನೂ ಒಂದೇ ಕೋನಿನಲ್ಲಿ ನುಡಿಸುವ ಸ್ಪೀಕರ್) ಜೋಡಿ ಇದೆ, 8 ಓಮ್, ಸೆನ್ಸಿಟಿವಿಟಿ 92 ಡೆಸಿಬೆಲ್. ಅದರ ಕೆಳಗೆ ಬಾಸ್ ನುಡಿಸುವ ವೂಫರ್ ಕೂರಿಸಿ ಡಬ್ಬಿಯಿಲ್ಲದೆ ಬರೀ ಹಲಗೆಯ ಮೇಲೆ, ಅಂದರೆ ಓಪನ್ ಬ್ಯಾಫಲ್ ಆಗಿ, ಕಟ್ಟಬೇಕು ಅಂತಿದ್ದೇನೆ. ಹಲಗೆ 20 ಇಂಚು ಅಗಲ, 40 ಇಂಚು ಎತ್ತರ. ಲ್ಯಾಮಿಂಗ್ಟನ್ ರೋಡಿನಲ್ಲಿ 12 ಇಂಚಿನ ಪಿಎ (ಸಭೆ-ಸಮಾರಂಭದ ಧ್ವನಿವರ್ಧಕದ) ವೂಫರ್ ತೋರಿಸಿದರು: 300 ವ್ಯಾಟ್, ಎಫ್‌ಎಸ್ (ಕೋನ್ ತಾನಾಗಿ ಅನುರಣಿಸುವ ಫ್ರೀಕ್ವೆನ್ಸಿ) 42 ಹರ್ಟ್ಜ್, ಕ್ಯೂಟಿಎಸ್ (ಆ ಅನುರಣನೆ ಎಷ್ಟು ಸಡಿಲ ಅನ್ನುವ ಅಳತೆ) 0.34. ಮ್ಯಾಗ್ನೆಟ್ ಭಾರೀ ದೊಡ್ಡದು. ತಗೊಳ್ಳಲೇ?

ಉತ್ತರ: ಡಿಎಸ್‌ಪಿ (ದನಿಯನ್ನು ಡಿಜಿಟಲ್ ಆಗಿ ತಿದ್ದುವ ಸಾಧನ) ಹಾಕುವ ಯೋಚನೆ ಇಲ್ಲದಿದ್ದರೆ ಬೇಡ. ಆ ದೊಡ್ಡ ಮ್ಯಾಗ್ನೆಟ್ಟೇ ಇಲ್ಲಿ ತೊಡಕು.

ಕೋನಿನ ಮುಂದಿನ ಅಲೆಯೂ ಹಿಂದಿನ ಅಲೆಯೂ ಹಲಗೆಯ ಅಂಚು ಸುತ್ತಿ ಬಂದು ಒಂದನ್ನೊಂದು ಅಳಿಸುತ್ತವೆ. ಎಲ್ಲಿಂದ ಅಳಿಸಲು ಶುರು ಅನ್ನುವುದಕ್ಕೆ ಒಂದು ಸುಲಭ ಲೆಕ್ಕವಿದೆ. 344ನ್ನು, ಅಂದರೆ ಸೆಕೆಂಡಿಗೆ ಮೀಟರ್‌ಗಳಲ್ಲಿ ಶಬ್ದದ ವೇಗವನ್ನು, ಮುಂದಿನಿಂದ ಹಿಂದಕ್ಕೆ ಸುತ್ತುವ ದಾರಿಯಿಂದ ಭಾಗಿಸಿ 0.17ರಿಂದ ಗುಣಿಸಿ. 50 ಸೆಂಟಿಮೀಟರ್ ಅಗಲದ ಹಲಗೆಯ ನಡುವೆ ವೂಫರ್ ಕೂತರೆ ಆ ದಾರಿ ಸುಮಾರು 25 ಸೆಂಟಿಮೀಟರ್. ಉತ್ತರ 230 ಹರ್ಟ್ಜ್ ಆಸುಪಾಸು. ಅದರ ಕೆಳಗೆ ಪ್ರತಿ ಆಕ್ಟೇವ್‌ಗೆ, ಅಂದರೆ ಫ್ರೀಕ್ವೆನ್ಸಿ ಅರ್ಧವಾದಾಗಲೆಲ್ಲ, 6 ಡೆಸಿಬೆಲ್ ಹೋಗುತ್ತದೆ. 115ರಲ್ಲಿ 6, 57ರಲ್ಲಿ 12, ನಿಮ್ಮ ವೂಫರಿನ 42 ಹರ್ಟ್ಜ್‌ನಲ್ಲಿ ಹತ್ತಿರ ಹತ್ತಿರ 15.

ಇದರ ಮೇಲೆ ವೂಫರಿನ ಸ್ವಂತ ಇಳಿತ ಬೇರೆ. ಎಫ್‌ಎಸ್ ಬಳಿ ವೂಫರ್ ಎಷ್ಟು ಇಳಿದಿರುತ್ತದೆ ಅನ್ನುವುದನ್ನು ಕ್ಯೂಟಿಎಸ್ ನೇರವಾಗಿ ಹೇಳಿಬಿಡುತ್ತದೆ: 0.34 ಇದ್ದರೆ 9 ಡೆಸಿಬೆಲ್ ಕೆಳಗೆ, 0.7 ಇದ್ದರೆ 3 ಕೆಳಗೆ, 1 ಇದ್ದರೆ ಸಮ, 1.26 ಇದ್ದರೆ 2 ಮೇಲೆ. ದೊಡ್ಡ ಮ್ಯಾಗ್ನೆಟ್ ಕೋನನ್ನು ಬಿಗಿಯಾಗಿ ಹಿಡಿಯುತ್ತದೆ, ಆದ್ದರಿಂದಲೇ ಕ್ಯೂಟಿಎಸ್ ತಗ್ಗುವುದು. ಡಬ್ಬಿಯಲ್ಲಿ ಅದು ಗುಣ, ಬರೀ ಹಲಗೆಯಲ್ಲಿ ಬಾಸ್‌ಗೆ ಕತ್ತರಿ. ನಿಮ್ಮ ಲೆಕ್ಕ 9ಕ್ಕೆ 15 ಕೂಡಿ 24 ಡೆಸಿಬೆಲ್ ಆಯಿತು. ನೆಲದ ನೆರವು ಸ್ವಲ್ಪ ಸಿಕ್ಕರೂ ತಬಲಾದ ಬಾಯಾಂ ಕೇಳಿಸದ ಸ್ಪೀಕರ್ ಆದೀತು.

ಪ್ಯಾಸಿವ್ ಕ್ರಾಸ್‌ಓವರ್‌ಗೆ (ಬಾಸನ್ನೂ ಮೇಲಿನ ಸ್ವರಗಳನ್ನೂ ಬರೀ ಕಾಯಿಲ್, ಕೆಪಾಸಿಟರ್‌ಗಳಿಂದ ಬೇರ್ಪಡಿಸುವುದಕ್ಕೆ) ಕ್ಯೂಟಿಎಸ್ 0.7ರಿಂದ 1.2ರ ಸುತ್ತ, ಎಫ್‌ಎಸ್ 25ರಿಂದ 40 ಹರ್ಟ್ಜ್, ಎಕ್ಸ್‌ಮ್ಯಾಕ್ಸ್ (ಕೋನ್ ಒಂದು ಬದಿಗೆ ದನಿ ಕೆಡದೆ ಆಡಬಲ್ಲ ದೂರ) ಸಾಧ್ಯವಾದಷ್ಟು ಹೆಚ್ಚು ಇರುವುದನ್ನು ಹುಡುಕಿ. ವಿಎಎಸ್ (ಸಸ್ಪೆನ್ಶನ್ನಿನ ಸಡಿಲಕ್ಕೆ ಸಮನಾದ ಗಾಳಿಯ ಪ್ರಮಾಣ) ನೋಡುವ ಅಗತ್ಯವೇ ಇಲ್ಲ, ಅದು ಡಬ್ಬಿಯವರ ಚಿಂತೆ. ವ್ಯಾಟ್ ಕೂಡ ಕೊನೆಯ ಸಾಲಿನ ವಿಷಯ; ವಾಯ್ಸ್‌ಕಾಯಿಲ್ ಸುಡುವ ಮೊದಲೇ ಕೋನಿನ ಓಟ ಮುಗಿದಿರುತ್ತದೆ.

ಅದೇ ಸದಸ್ಯರು: ಇಲ್ಲಿ ಸಿಗುವ ಅರ್ಧಕ್ಕರ್ಧ ವೂಫರ್‌ಗಳಿಗೆ ಕಾಗದವೇ ಇರುವುದಿಲ್ಲ. ಕ್ಯೂಟಿಎಸ್ ಮನೆಯಲ್ಲೇ ಅಳೆಯಬಹುದೇ?

ಉತ್ತರ: ಆಂಪ್, ಮೊಬೈಲಿನ ಟೋನ್ ಜನರೇಟರ್ ಆ್ಯಪ್, ಮಲ್ಟಿಮೀಟರ್, 1000 ಓಮ್‌ನ ಒಂದು ರೆಸಿಸ್ಟರ್, 10 ಓಮ್‌ನ ಒಂದು ರೆಸಿಸ್ಟರ್ ಇದ್ದರೆ ಸಾಕು.

ಮೊದಲು ವೂಫರನ್ನು 25 ಹರ್ಟ್ಜ್‌ನಲ್ಲಿ, ಕೋನ್ ಕಣ್ಣಿಗೆ ಕಾಣುವಷ್ಟು ಮಾತ್ರ ಆಡುವಂತೆ, ಕೆಲವು ಗಂಟೆ ಓಡಿಸಿ. ಹೊಸ ಸಸ್ಪೆನ್ಶನ್ ಬಿಗಿಯಾಗಿರುತ್ತದೆ, ಎಫ್‌ಎಸ್ ಜಾಸ್ತಿ ತೋರಿಸುತ್ತದೆ. ಆಮೇಲೆ ಆಂಪ್‌ನಿಂದ 1000 ಓಮ್ ದಾಟಿಸಿ 10 ಓಮ್ ರೆಸಿಸ್ಟರಿಗೆ ಕೊಡಿ. ಅದರ ಎರಡು ತುದಿಗಳ ನಡುವೆ ಎಸಿ 100 ಮಿಲಿವೋಲ್ಟ್ ಬರುವವರೆಗೆ ವಾಲ್ಯೂಮ್ ಏರಿಸಿ. ಈಗ 10 ಮಿಲಿವೋಲ್ಟ್ ಅಂದರೆ 1 ಓಮ್. ವಾಲ್ಯೂಮ್ ಮುಟ್ಟದೆ 10 ಓಮ್ ತೆಗೆದು ಅಲ್ಲಿ ವೂಫರ್ ಜೋಡಿಸಿ. ಅಗ್ಗದ ಮೀಟರ್ 40 ಹರ್ಟ್ಜ್‌ಗಿಂತ ಕೆಳಗೆ ಕಡಿಮೆ ಓದಬಹುದು, ಹಾಗಾಗಿ 30ರಲ್ಲೂ 10 ಓಮ್ ಇಟ್ಟು ಒಮ್ಮೆ ತಾಳೆ ನೋಡಿ. ವೂಫರನ್ನು ಮೇಜಿನ ಮೇಲೆ ಮಲಗಿಸಬೇಡಿ. ನೆಟ್ಟಗೆ ನಿಲ್ಲಿಸಿ ಮ್ಯಾಗ್ನೆಟ್ಟನ್ನು ಕ್ಲ್ಯಾಂಪ್‌ನಲ್ಲಿ ಬಿಗಿಯಿರಿ, ಮುಂದೆ ಹಿಂದೆ ಜಾಗ ಖಾಲಿ ಇರಲಿ.

ಓದು ಅತಿ ಹೆಚ್ಚು ಬರುವ ಫ್ರೀಕ್ವೆನ್ಸಿಯೇ ಎಫ್‌ಎಸ್. ಅಲ್ಲಿನ ಓಮನ್ನು ಡಿಸಿ ಓಮ್‌ನಿಂದ (ಮಲ್ಟಿಮೀಟರ್ ನೇರವಾಗಿ ತೋರಿಸುವ ವೂಫರಿನ ಓಮ್) ಭಾಗಿಸಿದರೆ ಒಂದು ಅನುಪಾತ ಸಿಗುತ್ತದೆ. ಅದರ ವರ್ಗಮೂಲವನ್ನು ಡಿಸಿ ಓಮ್‌ನಿಂದ ಗುಣಿಸಿ. ಅಷ್ಟು ಓಮ್ ಬರುವ ಎರಡು ಫ್ರೀಕ್ವೆನ್ಸಿಗಳು ಎಫ್‌ಎಸ್‌ನ ಆಚೆ ಈಚೆ ಇರುತ್ತವೆ. ಎಫ್‌ಎಸ್‌ಗೆ ವರ್ಗಮೂಲ ಗುಣಿಸಿ, ಆ ಎರಡರ ಅಂತರದಿಂದ ಭಾಗಿಸಿದರೆ ಕ್ಯೂಎಂಎಸ್ (ಬರೀ ಯಾಂತ್ರಿಕ ಭಾಗದ ಕ್ಯೂ). ಅದನ್ನು ಅನುಪಾತದಿಂದ ಭಾಗಿಸಿದರೆ ಕ್ಯೂಟಿಎಸ್. ಎರಡು ಫ್ರೀಕ್ವೆನ್ಸಿಗಳ ಗುಣಲಬ್ಧದ ವರ್ಗಮೂಲ ಎಫ್‌ಎಸ್‌ಗೆ ಸರಿಹೊಂದದಿದ್ದರೆ ಅಳತೆ ತಪ್ಪಿದೆ ಅಂತ ಅರ್ಥ, ಪುನಃ ಅಳೆಯಿರಿ.

ಪ್ರಶ್ನೆ (ಪುಣೆ, ಕೋಥ್ರೂಡ್): ನಮಸ್ಕಾರ್ರೀ. ನನ್ನ ಹತ್ರ ಎಮಿನೆನ್ಸ್ ಆಲ್ಫಾ 15ಎ ಜೋಡಿ ಅದ. ಮ್ಯಾಲೆ 92 ಡೆಸಿಬೆಲ್‌ನ ಫುಲ್‌ರೇಂಜ್. ಹಲಗಿ ಅಳತಿ ಡೊಂಬಿವಲಿಯವರದ ಹಂಗ. 200 ಹರ್ಟ್ಜ್‌ಗೆ 6.4 ಮಿಲಿಹೆನ್ರಿ ಕಾಯಿಲ್ ಹಾಕೀನಿ, ಗಂಡಸರ ದನಿ ಎಲ್ಲಾ ಕೊಡದಾಗಿಂದ ಬಂದಂಗ ಕೇಳಸ್ತದ. ಏನ್ ತಪ್ಪೈತ್ರೀ?

ಉತ್ತರ: ವೂಫರ್ ಸರಿಯಾದದ್ದೇ. ಅದರ ಕ್ಯೂಟಿಎಸ್ 1.26, ಎಫ್‌ಎಸ್ 41, ಸೆನ್ಸಿಟಿವಿಟಿ 97. ಎಕ್ಸ್‌ಮ್ಯಾಕ್ಸ್ ಮಾತ್ರ 3.8 ಮಿಲಿಮೀಟರ್, ಕೈ ಬಿಗಿ ಹಿಡಿದು ನುಡಿಸಬೇಕು. 6.4 ಅನ್ನುವುದೂ ಪುಸ್ತಕದ ಪ್ರಕಾರ ಸರಿಯೇ: 8 ಓಮನ್ನು 2ಪೈ ಗುಣಿಸು 200ರಿಂದ ಭಾಗಿಸಿದರೆ ಅಷ್ಟೇ ಬರುತ್ತದೆ. ಆದರೆ ಪುಸ್ತಕದ ಲೆಕ್ಕ ಡಬ್ಬಿಯೊಳಗಿನ ವೂಫರಿಗೆ. ನಿಮ್ಮ ಹಲಗೆಯಲ್ಲಿ ವೂಫರ್ ಸುಮಾರು 690 ಹರ್ಟ್ಜ್‌ವರೆಗೂ ಆಕ್ಟೇವ್‌ಗೆ 6ರಂತೆ ಏರುತ್ತಲೇ ಹೋಗುತ್ತದೆ. ಕಾಯಿಲ್ 6 ಇಳಿಸಿತು, ಹಲಗೆ 6 ಏರಿಸಿತು. ಕಿವಿಗೆ ಕ್ರಾಸ್‌ಓವರೇ ಇಲ್ಲ. 300ರಿಂದ 700ರವರೆಗೆ 15 ಇಂಚಿನ ಕೋನೂ ಫುಲ್‌ರೇಂಜೂ ಒಟ್ಟಿಗೆ ಹಾಡುತ್ತಿವೆ. ನಿಮ್ಮ ಕೊಡ ಅದೇ.

ಹೀಗೆ ಮಾಡಿ. ಮೊದಲು ವೂಫರಿನ ಅಡ್ಡಕ್ಕೆ (ಎರಡು ತುದಿಗಳ ನಡುವೆ) ಜೋಬೆಲ್, ಅಂದರೆ ಇಂಪೀಡೆನ್ಸ್ ಏರದಂತೆ ತಡೆಯುವ ಜೋಡಿ: 7.5 ಓಮ್, 10 ವ್ಯಾಟ್ ರೆಸಿಸ್ಟರ್ ಮತ್ತು 22 ಮೈಕ್ರೋಫ್ಯಾರಡ್ ನಾನ್‌ಪೋಲಾರ್ ಕೆಪಾಸಿಟರ್ ಸರಣಿಯಲ್ಲಿ. ವಾಯ್ಸ್‌ಕಾಯಿಲ್‌ನ ಇಂಡಕ್ಟೆನ್ಸ್ 1.2 ಮಿಲಿಹೆನ್ರಿಗೆ ಇದು ಹೊಂದುತ್ತದೆ. ಬೇರೆ ಇದ್ದರೆ ಇಂಡಕ್ಟೆನ್ಸನ್ನು ರೆಸಿಸ್ಟರಿನ ವರ್ಗದಿಂದ ಭಾಗಿಸಿ ಕೆಪಾಸಿಟರ್ ಗೊತ್ತುಮಾಡಿಕೊಳ್ಳಿ. ಇದಿಲ್ಲದಿದ್ದರೆ ಮೇಲೆ ಹೋದಂತೆ ಇಂಪೀಡೆನ್ಸ್ ಏರಿ ಕಾಯಿಲ್ ಲೆಕ್ಕವೇ ತಪ್ಪುತ್ತದೆ. ಆಮೇಲೆ 12 ಮಿಲಿಹೆನ್ರಿ ಸರಣಿಯಲ್ಲಿ, 50 ಮೈಕ್ರೋಫ್ಯಾರಡ್ ಅಡ್ಡಕ್ಕೆ. ವಿದ್ಯುತ್ತಿನ ಕಡೆ ಆಕ್ಟೇವ್‌ಗೆ 12 ಇಳಿದರೂ ಹಲಗೆಯ ಏರಿಕೆ ಕಳೆದು ಕಿವಿಗೆ 6 ಉಳಿಯುತ್ತದೆ. ಅಷ್ಟು ಸಾಕು. ಈ ದೊಡ್ಡ ಕಾಯಿಲ್ 100 ಹರ್ಟ್ಜ್ ಸುತ್ತಲಿಂದಲೇ ಮೆಲ್ಲಗೆ ಇಳಿಸಲು ತೊಡಗಿ, ಕೆಳಗಿನ ಬಾಸ್ ಮೇಲಿನದಕ್ಕೆ ಸಮ ಕಾಣುವಂತೆ ಮಾಡುತ್ತದೆ.

ಫುಲ್‌ರೇಂಜಿಗೆ 100 ಮೈಕ್ರೋಫ್ಯಾರಡ್ ಸರಣಿಯಲ್ಲಿ, ಜೊತೆಗೆ 2 ಓಮ್. 8 ಓಮ್‌ಗೆ 2 ಓಮ್ ಸೇರಿದರೆ 2 ಡೆಸಿಬೆಲ್ ತಗ್ಗುತ್ತದೆ. ವೂಫರ್ 97 ಅಂದರೂ 100 ಹರ್ಟ್ಜ್‌ನಲ್ಲಿ ಹಲಗೆ 7 ತಿಂದು 90 ಉಳಿಸಿರುತ್ತದೆ; 92ಕ್ಕೂ 90ಕ್ಕೂ ಆಗ ಜೋಡಿ ಸರಿ. ಪೊಲಾರಿಟಿಯನ್ನು (ಪ್ಲಸ್-ಮೈನಸ್ ತಂತಿಗಳನ್ನು) ಎರಡೂ ರೀತಿ ಜೋಡಿಸಿ, 200 ಹರ್ಟ್ಜ್ ಸುತ್ತ ಯಾವುದರಲ್ಲಿ ಗುಂಡಿ ಬೀಳುವುದಿಲ್ಲವೋ ಅದನ್ನು ಉಳಿಸಿ.

ಕಾಯಿಲ್ ಬಗ್ಗೆ ಒಂದು ಎಚ್ಚರಿಕೆ. 12 ಮಿಲಿಹೆನ್ರಿಯನ್ನು 1 ಮಿಲಿಮೀಟರ್ ತಂತಿಯಲ್ಲಿ, ಕೋರ್ ಇಲ್ಲದೆ ಸುತ್ತಿಸಿದರೆ ಅದರದ್ದೇ ರೆಸಿಸ್ಟೆನ್ಸ್ 1.5 ಓಮ್ ದಾಟುತ್ತದೆ. ಆ ಓಮ್ ವೂಫರಿನ ಕ್ಯೂ ಏರಿಸುತ್ತದೆ. 0.5ರ ವೂಫರಿಗೆ ಅದು ಪುಕ್ಕಟೆ ಸಿಕ್ಕ ಉಪಕಾರ, 1.26ರ ಆಲ್ಫಾಗೆ ಗುಂಯ್‌ಗುಟ್ಟುವ ರೋಗ. ನೀವು ಲ್ಯಾಮಿನೇಟೆಡ್ ಕಬ್ಬಿಣದ ಕೋರ್‌ನ, 0.4 ಓಮ್ ಒಳಗಿನ ಕಾಯಿಲ್ ತಗೊಳ್ಳಿ. ಕೋರ್ ತೀರ ಚಿಕ್ಕದಿದ್ದರೆ ಡೋಲಿನ ಪೆಟ್ಟಿಗೆ ಸ್ಯಾಚುರೇಟ್ ಆಗಿ ಒಡೆದ ದನಿ ಬರುತ್ತದೆ. ವೂಫರ್ ಮ್ಯಾಗ್ನೆಟ್ಟಿನ ಪಕ್ಕ ಕಾಯಿಲ್ ಇಡಬೇಡಿ.

ಸೇರಿಕೆ (ಮರಗೆಲಸ ಬಲ್ಲ ಸದಸ್ಯರು, ಪುಣೆ): ಪ್ಲೈ ಲೆಕ್ಕ ನಾನು ಹೇಳುತ್ತೇನೆ. 8ಕ್ಕೆ 4 ಅಡಿಯ ಒಂದು 18 ಎಂಎಂ ಶೀಟಿನಲ್ಲಿ 20ಕ್ಕೆ 40 ಇಂಚಿನ ನಾಲ್ಕು ತುಂಡು ಬರುತ್ತವೆ. ಎರಡೆರಡು ಅಂಟಿಸಿದರೆ 36 ಎಂಎಂ ದಪ್ಪದ ಎರಡು ಹಲಗೆ. ಉಳಿಯುವ 8 ಇಂಚಿನ ಪಟ್ಟಿಯಲ್ಲಿ ಹಿಂದಿನ ಕಾಲುಗಳಾಗುತ್ತವೆ. ಭವಾನಿ ಪೇಠದ ಟಿಂಬರ್ ಮಾರ್ಕೆಟ್‌ನಲ್ಲಿ ಕೊಯ್ದೇ ಕೊಡುತ್ತಾರೆ. ಫುಲ್‌ರೇಂಜ್ ಕೂರುವ ತೂತಿನ ಹಿಂದಿನ ಅಂಚನ್ನು 45 ಡಿಗ್ರಿ ಓರೆ ಕೆತ್ತಲೇಬೇಕು. ಇಲ್ಲದಿದ್ದರೆ 36 ಎಂಎಂ ದಪ್ಪದ ಸುರಂಗದಲ್ಲಿ ಹಿಂದಿನ ದನಿ ಸಿಕ್ಕಿಬೀಳುತ್ತದೆ. ಮರದ ಸ್ಕ್ರೂ ಬೇಡ, ಟಿ-ನಟ್ ಮತ್ತು ಬೋಲ್ಟ್. ವೂಫರ್ ನಾಲ್ಕಾರು ಸಲ ಬಿಚ್ಚುವುದಂತೂ ಖಂಡಿತ.

ಪ್ರಶ್ನೆ (ಮಡಗಾಂವ್): ಸರ್, ನಮ್ಮಲ್ಲಿ ಮಳೆಗಾಲದಲ್ಲಿ ಎಂಡಿಎಫ್ ಹಪ್ಪಳದ ಹಾಗೆ ಉಬ್ಬುತ್ತದೆ. ನನಗೆ ಡಿಎಸ್‌ಪಿ ಹಾಕುವ ಮನಸ್ಸಿದೆ. ಹಾಗಾದರೆ ಮೇಲಿನ 0.34ರ ವೂಫರ್ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ ಮೇಡಂ, ಮಿತಿಯೊಳಗೆ. ಡಿಎಸ್‌ಪಿಯಲ್ಲಿ 200 ಹರ್ಟ್ಜ್‌ಗೆ ಲಿಂಕ್ವಿಟ್ಜ್-ರೈಲಿ 24 ಡೆಸಿಬೆಲ್ (ಆಕ್ಟೇವ್‌ಗೆ 24 ಇಳಿಸುವ) ಕ್ರಾಸ್‌ಓವರ್ ಹಾಕಿ, ಕೆಳಗೆ ಲೋ ಶೆಲ್ಫ್‌ನಿಂದ (ಬಾಸನ್ನಷ್ಟೇ ಏರಿಸುವ ಫಿಲ್ಟರ್) 8-10 ಡೆಸಿಬೆಲ್ ಎತ್ತಿ. ವೂಫರಿಗೂ ಫುಲ್‌ರೇಂಜಿಗೂ ಬೇರೆ ಬೇರೆ ಆಂಪ್ ಬೇಕು. 10 ಡೆಸಿಬೆಲ್ ಅಂದರೆ ಹತ್ತು ಪಟ್ಟು ವ್ಯಾಟ್ ಅನ್ನುವುದು ನೆನಪಿರಲಿ. ಅದಕ್ಕಿಂತ ದೊಡ್ಡ ತೊಂದರೆ ಕೋನಿನ ಓಟ: ಓಪನ್ ಬ್ಯಾಫಲ್‌ನಲ್ಲಿ ಅಷ್ಟೇ ಜೋರು ಇರಬೇಕೆಂದರೆ ಒಂದು ಆಕ್ಟೇವ್ ಕೆಳಗಿಳಿದಾಗ ಕೋನ್ ಎಂಟು ಪಟ್ಟು ಆಡಬೇಕು. 80 ಹರ್ಟ್ಜ್‌ನಲ್ಲಿ 1 ಮಿಲಿಮೀಟರ್ ಆಡಿದ್ದು 40ರಲ್ಲಿ 8 ಕೇಳುತ್ತದೆ. ಹಿಂದೆ ಡಬ್ಬಿಯ ಗಾಳಿಯ ತಡೆ ಇಲ್ಲ, ಹಾಗಾಗಿ 30-35 ಹರ್ಟ್ಜ್‌ಗೆ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ತಡೆಯುವ ಫಿಲ್ಟರ್) ಇಲ್ಲದೆ ಸಿನಿಮಾ ಹಾಕಲೇಬೇಡಿ. ಮೊದಲ ಸ್ಫೋಟಕ್ಕೇ ವಾಯ್ಸ್‌ಕಾಯಿಲ್ ಹಿಂದಿನ ಪ್ಲೇಟಿಗೆ ಬಡಿದೀತು. ಒಂದರ ಬದಲು ಎರಡು ವೂಫರ್ ಹಾಕುವುದು ಯಾವ ಡಿಎಸ್‌ಪಿಗಿಂತಲೂ ಒಳ್ಳೆಯ ಖರ್ಚು.

ಕರಾವಳಿಗೆ ಐಎಸ್ 710 ಮರೀನ್ ಪ್ಲೈ ತಗೊಂಡು ಕೊಯ್ದ ಅಂಚಿಗೆಲ್ಲ ಸೀಲರ್ ಬಳಿಯಿರಿ. ಫೋಮ್ ಸರೌಂಡ್ ಇರುವ ವೂಫರ್ ಬೇಡ, ತೇವಕ್ಕೆ ಪುಡಿಯಾಗುತ್ತದೆ; ಬಟ್ಟೆಯ ನಿರಿಗೆ ಅಥವಾ ರಬ್ಬರ್ ಇರಲಿ. ಹಿಂಬದಿಗೂ ಗ್ರಿಲ್ ಬಟ್ಟೆ ಹಾಕಿ, ಹಲ್ಲಿಗೆ ಬೆಚ್ಚಗಿನ ಮ್ಯಾಗ್ನೆಟ್ ಬಹಳ ಇಷ್ಟ.

ಪ್ರಶ್ನೆ (ಮುಲುಂಡ್): ಗೋಡೆಗೆ ಒತ್ತಿ ಇಡಬಹುದೇ? ಜಾಗವೇ ಇಲ್ಲ.

ಉತ್ತರ: ಇಲ್ಲ. 1 ಮೀಟರ್ ಬಿಟ್ಟರೆ ಹಿಂದಿನ ಅಲೆ ಸುಮಾರು 6 ಮಿಲಿಸೆಕೆಂಡ್ ತಡವಾಗಿ ಬಂದು ಹಾಡಿಗೆ ಆಳ ಕೊಡುತ್ತದೆ. 60 ಸೆಂಟಿಮೀಟರೂ ಬಿಡಲಾಗದಿದ್ದರೆ ಮುಚ್ಚಿದ ಡಬ್ಬಿಯೇ ವಾಸಿ. ಪಕ್ಕದ ಗೋಡೆಗೆ ಮಾತ್ರ ಹತ್ತಿರ ಇಡಬಹುದು, ಬದಿಗೆ ದನಿ ಬಹಳ ಕಡಿಮೆ ಹೋಗುತ್ತದೆ.

ಡೊಂಬಿವಲಿಯವರು: ಇನ್ನೊಂದು ಅಂಗಡಿಯಲ್ಲಿ ಚಿಕ್ಕ ಮ್ಯಾಗ್ನೆಟ್ಟಿನ 12 ಇಂಚು ಸಿಕ್ಕಿತು. ಡಿಸಿ 6 ಓಮ್, ಎಫ್‌ಎಸ್ 36 ಹರ್ಟ್ಜ್‌ನಲ್ಲಿ 54 ಓಮ್. 18 ಓಮ್ ಬರುವುದು 28 ಮತ್ತು 46.3ರಲ್ಲಿ.

ಉತ್ತರ: ಅನುಪಾತ 9, ವರ್ಗಮೂಲ 3. 36ನ್ನು 3ರಿಂದ ಗುಣಿಸಿ 18.3ರಿಂದ ಭಾಗಿಸಿದರೆ 5.9, ಅದನ್ನು 9ರಿಂದ ಭಾಗಿಸಿದರೆ ಕ್ಯೂಟಿಎಸ್ 0.66. ತಗೊಳ್ಳಿ, ಬದಿಗೆ ಎರಡರಂತೆ ನಾಲ್ಕು. ಪ್ಯಾರಲಲ್ ಜೋಡಿಸಿದರೆ 4 ಓಮ್, ಅಷ್ಟೇ ವಾಲ್ಯೂಮಿಗೆ 6 ಡೆಸಿಬೆಲ್ ಹೆಚ್ಚು. ನಿಮ್ಮ ಆಂಪ್ 4 ಓಮ್ ತಡೆಯುತ್ತದೆಯೇ ಎಂದು ಮೊದಲು ನೋಡಿ. ವೂಫರ್ ಕಡೆ ಕಾಯಿಲ್ ಅರ್ಧಕ್ಕಿಳಿದು 6 ಮಿಲಿಹೆನ್ರಿ, ಕೆಪಾಸಿಟರ್ ಎರಡು ಪಟ್ಟಾಗಿ 100 ಮೈಕ್ರೋಫ್ಯಾರಡ್. ಜೋಬೆಲ್ ಒಂದೊಂದು ವೂಫರಿಗೂ ಒಂದೊಂದು. ಕಾಯಿಲ್ 0.4 ಓಮ್ ಇದ್ದರೆ ಕ್ಯೂಟಿಎಸ್ 0.73ಕ್ಕೆ ಏರುತ್ತದೆ, ಅದೇ ಬೇಕಾದದ್ದು. ಎರಡು 12, ಒಂದು 8, ಒಟ್ಟು 32 ಇಂಚು. 40 ಇಂಚಿನ ಹಲಗೆಯಲ್ಲೇ ಕೂರುತ್ತವೆ, ಕೆಳಗಿನ ವೂಫರ್ ನೆಲಕ್ಕೆ ಆದಷ್ಟು ಹತ್ತಿರ ಇರಲಿ.