ಕಿತ್ತಳೆ ಪೆಪ್ಪರ್‌ಮೆಂಟ್ ಲಿಕ್ಯೂರ್: ಬ್ಯಾಚ್ ಗುಂಪಿನಲ್ಲಿ ಒಂದು ಜಗಳ

ಗುಂಪು: ಕೆಮಿಸ್ಟ್ರಿ ಬ್ಯಾಚ್, ತುಮಕೂರು

ನಾಗರಾಜ (ಕೋಲಾರ): [ಫಾರ್ವರ್ಡ್] *ಮನೆಯಲ್ಲೇ ಕಿತ್ತಳೆ ಲಿಕ್ಯೂರ್ (ಸಿಹಿ ಮದ್ಯ)!!* 750 ಮಿ.ಲೀ. ವೋಡ್ಕಾ, 300 ಗ್ರಾಂ ಕಿತ್ತಳೆ ಪೆಪ್ಪರ್‌ಮೆಂಟ್, 2 ಟೀ ಚಮಚ ಕಿತ್ತಳೆ ಎಸೆನ್ಸ್. ಬೇಗ ಕರಗಲು ಸಣ್ಣ ಉರಿಯಲ್ಲಿ ಬಿಸಿ ಮಾಡಿ. 10 ದಿನ ಬಿಸಿಲಲ್ಲಿಡಿ.

ನಾಗರಾಜ: ನಂದಿ ಬೆಟ್ಟದ ಹತ್ರ ಸೇರ್ತೀವಲ್ಲ, ಅವತ್ತಿಗೆ ಇದು ಮಾಡೋಣ ಅಂತ. ಏನಂತೀರಾ?

ಸವಿತಾ (ಚಿಕ್ಕಬಳ್ಳಾಪುರ): ಮೊದಲು ಆ ಸಣ್ಣ ಉರಿಯ ಸಾಲು ತೆಗಿ ನಾಗರಾಜ. 40 ಪರ್ಸೆಂಟ್ ಮದ್ಯದ ಆವಿ ಸುಮಾರು 26 ಡಿಗ್ರಿಗೇ ಕಿಡಿ ತಗುಲಿದ್ರೆ ಬೆಂಕಿ ಹಿಡಿಯುವಷ್ಟು ಆಗುತ್ತೆ. ಬೇಸಿಗೇಲಿ ನಮ್ಮ ಅಡುಗೆಮನೆಗಳು ಅದಕ್ಕಿಂತ ಬಿಸಿ ಇರ್ತವೆ. ಒಲೆ ಮೇಲೆ ಮದ್ಯ ಇಡೋದು ಬೇಡವೇ ಬೇಡ.

ಸವಿತಾ: ಬಿಸಿಲೂ ಬೇಡ. ಕಿತ್ತಳೆ ಎಣ್ಣೆಯಲ್ಲಿ ಘಮ ಕೊಡೋ ಲಿಮೊನೀನ್ ಬೆಳಕು, ಗಾಳಿ ತಗುಲಿ ಕೆಡುತ್ತೆ, ಪೇಂಟ್ ತಿನ್ನರ್ ಥರ ವಾಸನೆ ಬರುತ್ತೆ. ಬಣ್ಣವೂ ಮಾಸುತ್ತೆ. ಕತ್ತಲೆ ಬೀರುವಿನಲ್ಲಿ ಇಡಬೇಕು.

ಮಂಜುನಾಥ (ತುಮಕೂರು): ನನ್ನ ತಕರಾರು ಪೆಪ್ಪರ್‌ಮೆಂಟ್ ಮೇಲೇ. ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಸಿಗೋ ವೋಡ್ಕಾ 42.8 ಪರ್ಸೆಂಟ್, ಅಂದ್ರೆ 750ರಲ್ಲಿ 321 ಮಿ.ಲೀ. ಆಲ್ಕೋಹಾಲ್. ಒಂದು ಗ್ರಾಂ ಸಕ್ಕರೆ ಕರಗಿದ್ರೆ ಸುಮಾರು 0.62 ಮಿ.ಲೀ. ಜಾಗ ತಗೊಳ್ಳುತ್ತೆ. 300 ಗ್ರಾಂಗೆ 186. ಒಟ್ಟು 936 ಮಿ.ಲೀ. ಆಲ್ಕೋಹಾಲ್ 34 ಪರ್ಸೆಂಟಿಗೆ ಇಳೀತು, ಸಕ್ಕರೆ ಲೀಟರಿಗೆ 320 ಗ್ರಾಂ! ಯುರೋಪಿನ ಕಾನೂನಲ್ಲಿ ಲಿಕ್ಯೂರ್ ಅನ್ನೋಕೆ ಸಾಮಾನ್ಯವಾಗಿ 100 ಗ್ರಾಂ ಸಾಕು, ‘ಕ್ರೆಮ್’ (ಕೆನೆ ಅಲ್ಲ, ತುಂಬ ಸಿಹಿ ಲಿಕ್ಯೂರ್) ಅಂತ ಹೆಸರಿಡೋಕೆ 250. ಇದು ಅದನ್ನೂ ದಾಟಿದೆ.

ನಾಗರಾಜ: ಸಿಹಿ ಜಾಸ್ತಿ ಆದ್ರೆ ಪೆಪ್ಪರ್‌ಮೆಂಟ್ ಕಮ್ಮಿ ಹಾಕಿದ್ರಾಯ್ತು.

ಮಂಜುನಾಥ: ಕಮ್ಮಿ ಹಾಕಿದ್ರೆ ಕಿತ್ತಳೆ ಎಲ್ಲಿರುತ್ತೆ? ಸಮಸ್ಯೆ ಇರೋದೇ ಅಲ್ಲಿ. ಪೆಪ್ಪರ್‌ಮೆಂಟಲ್ಲಿ ಫ್ಲೇವರ್ ಸಾಮಾನ್ಯವಾಗಿ ಸಾವಿರಕ್ಕೆ ಒಂದೆರಡು ಗ್ರಾಂ, ಉಳಿದದ್ದೆಲ್ಲ ಸಕ್ಕರೆ, ಗ್ಲೂಕೋಸ್ ಪಾಕ, ಹುಳಿ. ಬಾಯಲ್ಲಿಟ್ಟು ಚೀಪುವಾಗ ಅಷ್ಟು ಸಾಕು. ಮುಕ್ಕಾಲು ಲೀಟರಿಗೆ ಹರಡಿದ್ರೆ ಘಮ ಹತ್ತೋದ್ರೊಳಗೆ ಸಿಹಿ ಮಿತಿ ಮೀರಿರುತ್ತೆ. ಅದಕ್ಕೇ ಆ ಫಾರ್ವರ್ಡಲ್ಲಿ ಎಸೆನ್ಸ್ ಸೇರಿಸಿರೋದು. ಹಂಗಿದ್ಮೇಲೆ ಪೆಪ್ಪರ್‌ಮೆಂಟ್ ಯಾಕೆ? ಸಕ್ಕರೆ ಪಾಕ, ಒಳ್ಳೆ ಫ್ಲೇವರ್, ಒಂದು ಚಿಟಿಕೆ ಸಿಟ್ರಿಕ್ ಆಸಿಡ್. ಮೂರೂ ನಮ್ಮ ಕೈಯಲ್ಲೇ ಇರುತ್ತೆ.

ಗೀತಾ (ಶಿರಾ): ಇಲ್ಲ ಮಂಜು, ಇದನ್ನ ಒಪ್ಪಲ್ಲ. ಅಂಗಡಿ ಗಾಜಿನ ಭರಣಿಯ ಆ ಕಿತ್ತಳೆ ತೊಳೆ ಪೆಪ್ಪರ್‌ಮೆಂಟಿನ ರುಚಿ ಹಣ್ಣಿನದ್ದಲ್ಲ, ಬರೀ ಎಸೆನ್ಸಿನದ್ದೂ ಅಲ್ಲ. ಹುಳಿ, ಸಿಹಿ, ಕುದಿಸಿದ ಸಕ್ಕರೆಯ ಸಣ್ಣ ಕಂಪು, ಎಲ್ಲ ಕೂಡಿದ್ದು. ಜನ ಕೇಳೋದು ಆ ರುಚಿಯನ್ನೇ. ಪಾಕದಲ್ಲಿ ಅದು ಬರಲ್ಲ. ಸಿಹಿ, ಹುಳಿ ಪೆಪ್ಪರ್‌ಮೆಂಟಿಂದ ಬರಲಿ, ಘಮ ಮಾತ್ರ ಎಸೆನ್ಸಿಂದ ತುಂಬೋಣ.

ಸವಿತಾ: ಗೀತಾ ಹೇಳೋದು ಸರಿ, ಆದರೆ ಪೆಪ್ಪರ್‌ಮೆಂಟ್ 150 ಗ್ರಾಂ ಮೀರಬಾರದು. ಮಾಡೋ ಕ್ರಮ: ಕುಟ್ಟಾಣಿಯಲ್ಲಿ ರವೆ ಹದಕ್ಕೆ ಕುಟ್ಟಿ. 75 ಮಿ.ಲೀ. ಬಿಸಿನೀರಲ್ಲಿ ಪೂರ್ತಿ ಕರಗಿಸಿ, ತಣ್ಣಗಾಗಲಿ. ಆಮೇಲೆ ವೋಡ್ಕಾ ಸೇರಿಸಿ. ಒಟ್ಟು 918 ಮಿ.ಲೀ., 35 ಪರ್ಸೆಂಟ್, ಸಕ್ಕರೆ ಲೀಟರಿಗೆ 163 ಗ್ರಾಂ. ಕುಡಿಯೋ ಹದ ಇದು. ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ಹಾಕಿ ಪರ್ಸೆಂಟ್ ನೋಡ್ತೀನಿ ಅನ್ಬೇಡಿ, ಸಕ್ಕರೆ ಇದ್ರೆ ತಪ್ಪು ತೋರಿಸುತ್ತೆ.

ನಾಗರಾಜ: ನೀರು ಯಾಕೆ, ನೇರ ವೋಡ್ಕಾಗೇ ಹಾಕಿದ್ರೆ?

ಸವಿತಾ: ಸಕ್ಕರೆ ಕರಗೋದು ನೀರಲ್ಲಿ. ಆಲ್ಕೋಹಾಲ್ ಹೆಚ್ಚಿದಷ್ಟೂ ಕರಗೋದು ಕಮ್ಮಿ. ಇಡೀ ಪೆಪ್ಪರ್‌ಮೆಂಟ್ ಬಾಟಲಿಗೆ ಹಾಕಿ ಬಿಟ್ಟು ನೋಡು: ಮೊದಲು ಸುತ್ತ ಕೇಸರಿ ಎಳೆಗಳು ನೂಲಿನ ಥರ ಕೆಳಗಿಳೀತವೆ. ಮಾರನೇ ದಿನ ತಳದಲ್ಲಿ ಎರಡು ಬೆರಳು ಗಟ್ಟಿ ಪಾಕ ಕೂತಿರುತ್ತೆ, ಮೇಲಿನದು ಖಾರ ವೋಡ್ಕಾನೇ. ಅಲ್ಲಾಡಿಸದೆ ಬಗ್ಗಿಸಿದ್ರೆ ಮೊದಲ ಲೋಟದವನಿಗೆ ಗಂಟಲು ಉರಿ, ಕೊನೆಯವನಿಗೆ ಬೆಲ್ಲದ ನೀರು. ಗ್ಲೂಕೋಸ್ ಪಾಕದಲ್ಲಿರೋ ಡೆಕ್ಸ್‌ಟ್ರಿನ್ (ಅರ್ಧ ಒಡೆದ ಪಿಷ್ಟ) ಅಂತೂ ಅಂಟಂಟಾಗಿ ತಳಕ್ಕೆ ಮೆತ್ಕೊಳ್ಳುತ್ತೆ.

ಅಶ್ವತ್ಥ (ಚಿಂತಾಮಣಿ): ಜೆಲ್ಲಿ ಮಿಠಾಯಿ ಹಾಕಬಹುದಾ? ಬಣ್ಣ ಚೆನ್ನಾಗಿರುತ್ತೆ.

ಮಂಜುನಾಥ: ಬೇಡ. ಜೆಲಾಟಿನ್ ಇರೋದು ಕರಗಲ್ಲ, ಮದ್ಯ ಕುಡಿದು ಊದಿಕೊಂಡು ಲೋಳೆ ಆಗುತ್ತೆ. ಪೆಕ್ಟಿನ್ ಇರೋದು ಆಲ್ಕೋಹಾಲ್ ತಗುಲಿದ್ರೆ ಗಡ್ಡೆ ಕಟ್ಟುತ್ತೆ. ಹೊಳೆಯೋ ಗುಂಡು ಮಿಠಾಯಿಗೆ ಮೇಣ ಬಳಿದಿರ್ತಾರೆ, ಬಿಳಿ ಪೊರೆ ತೇಲುತ್ತೆ. ಟಾಫಿಯಲ್ಲಿ ಹಾಲಿನ ಕೊಬ್ಬು. ಗಾಜಿನ ಹಾಗೆ ಪಾರದರ್ಶಕ ಇರೋ ಗಟ್ಟಿ ಪೆಪ್ಪರ್‌ಮೆಂಟ್ ಮಾತ್ರ ಕೆಲಸಕ್ಕೆ ಬರೋದು.

ಅಶ್ವತ್ಥ: ಹಾಗಾದ್ರೆ ಕಮ್ಮರಗಟ್ಟು?

ಗೀತಾ: ಆಗುತ್ತೆ, ತಾಳ್ಮೆ ಬೇಕು. ರಮ್ಮಿಗೆ ಚೆನ್ನಾಗಿ ಒಗ್ಗುತ್ತೆ. ಪುಡಿ ಮಾಡಿ ರಮ್ಮಲ್ಲಿ 3 ದಿನ ಬಿಡಿ, ದಿನಕ್ಕೆರಡು ಸಲ ಕುಲುಕಿ. ಕೊಬ್ಬರಿ ಎಣ್ಣೆ ಮೇಲೆ ತೇಲುತ್ತೆ. ಅಗಲ ಬಾಯಿಯ ಡಬ್ಬಿಯಲ್ಲಿ ಇಡೀ ರಾತ್ರಿ ಫ್ರೀಜರಿಗೆ ಹಾಕಿ. ರಮ್ ಹೆಪ್ಪುಗಟ್ಟಲ್ಲ, ಎಣ್ಣೆ ಬಿಲ್ಲೆಯಾಗುತ್ತೆ. ಚಮಚದಲ್ಲಿ ತೆಗೆದು, ತಣ್ಣಗಿರುವಾಗಲೇ ಕಾಫಿ ಫಿಲ್ಟರ್ ಪೇಪರಲ್ಲಿ ಸೋಸಿ. ಹೊರಗಿಟ್ಟು ಬಿಸಿಯಾದ್ರೆ ಎಣ್ಣೆ ಮತ್ತೆ ಕರಗಿ ಪೇಪರ್ ದಾಟುತ್ತೆ.

ಅಶ್ವತ್ಥ: ತುಮಕೂರಿನವರು ಚಿಗಳಿ ಬಗ್ಗೆ ಮಾತೇ ಆಡ್ತಿಲ್ಲ 🙂 ಹುಣಸೆ ನಿಮ್ಮೂರದ್ದೇ ಅಲ್ವಾ.

ಮಂಜುನಾಥ: ಚಿಗಳಿ ಹಾಗೇ ಹಾಕಿದ್ರೆ ಹುಣಸೆ ತಿರುಳು ಲೋಳೆಯಾಗಿ ಇಳಿದು ಸೋಸೋ ಬಟ್ಟೆ ಕಟ್ಕೊಳ್ಳುತ್ತೆ. ಬಿಡಿಬಿಡಿಯಾಗಿ ಮಾಡಬೇಕು. ಬೀಜ, ನಾರು ತೆಗೆದ ಹುಣಸೆ 60 ಗ್ರಾಂ, ಹುರಿದ ಜೀರಿಗೆ ಅರ್ಧ ಚಮಚ, ಒಂದು ಒಣಮೆಣಸಿನಕಾಯಿ, 500 ಮಿ.ಲೀ. ವೋಡ್ಕಾದಲ್ಲಿ. ಮೆಣಸಿನಕಾಯಿ 6 ಗಂಟೆಗೇ ತೆಗೀಬೇಕು, ಖಾರ ಬಿಡೋದು ಬೇಗ. ಉಳಿದದ್ದು 4 ದಿನ. ಹಿಸುಕಬಾರದು, ತಾನಾಗೇ ಇಳಿಯಲಿ. ಕೊನೆಗೆ ಬೆಲ್ಲದ ಪಾಕ, ಎರಡು ಚಿಟಿಕೆ ಉಪ್ಪು. ಬೆಲ್ಲದಿಂದ ಮಬ್ಬಾಗುತ್ತೆ, ಎರಡು ದಿನ ಬಿಟ್ಟು ಮೇಲಿನ ತಿಳಿ ಬಗ್ಗಿಸಿಕೊಳ್ಳಿ.

ಸವಿತಾ: ಉಪ್ಪು ಅಂದ್ರೆ ಯಾರೂ ಮುಖ ಸಿಂಡರಿಸಬೇಡಿ. ಫಿನ್ಲೆಂಡಲ್ಲಿ ಉಪ್ಪಿನ ಲಿಕೊರಿಸ್ (ಅತಿಮಧುರ) ಮಿಠಾಯಿಯನ್ನ ವೋಡ್ಕಾದಲ್ಲಿ ಕರಗಿಸಿ ಕುಡೀತಾರೆ. 1990ರ ದಶಕದ ಶುರುವಲ್ಲಿ ಅಲ್ಲಿನ ಮದ್ಯದ ಕಂಪನಿಯೇ ಬಾಟಲಿಯಲ್ಲಿ ಮಾರೋಕೆ ಇಳೀತು. ಅದರ ಉಪ್ಪು ಅಮೋನಿಯಂ ಕ್ಲೋರೈಡ್, ನಮ್ಮ ನವಸಾಗರ.

ನಾಗರಾಜ: ಎಸೆನ್ಸ್ 2 ಚಮಚ ಸರಿನಾ?

ಮಂಜುನಾಥ: 2 ಚಮಚ ಅಂದ್ರೆ 10 ಮಿ.ಲೀ., ಕೆಮ್ಮಿನ ಸಿರಪ್ ಆಗುತ್ತೆ. 100 ಮಿ.ಲೀ. ಬೇರೆ ತೆಗೆದು, ಸೂಜಿ ತೆಗೆದ 1 ಮಿ.ಲೀ. ಸಿರಿಂಜಲ್ಲಿ 0.1 ಹಾಕಿ. 24 ಗಂಟೆ ಬಿಟ್ಟು ಮೂಸಿ. ಸಾಲದಿದ್ರೆ ಇನ್ನೊಂದು 0.05. ಹದ ಸಿಕ್ಕಮೇಲೆ ಇಡೀ ಬಾಟಲಿಗೆ ಲೆಕ್ಕಕ್ಕಿಂತ ಸ್ವಲ್ಪ ಕಮ್ಮಿ ಹಾಕಿ. ಸೇರಿಸಬಹುದು, ತೆಗೆಯೋಕಾಗಲ್ಲ.

ಸವಿತಾ: ಯಾವ ಎಸೆನ್ಸ್ ಅನ್ನೋದೂ ಮುಖ್ಯ. ಒಂದು ಲೋಟ ನೀರಿಗೆ ಎರಡು ಹನಿ ಬಿಟ್ಟು ನೋಡಿ. ತಿಳಿಯಾಗಿ ಬೆರೆತರೆ ಪ್ರೊಪಿಲೀನ್ ಗ್ಲೈಕಾಲ್ (ನೀರಲ್ಲಿ ಬೆರೆಯೋ ದ್ರಾವಕ) ಅಥವಾ ನೀರಿನದ್ದು, ಅದೇ ಬೇಕಾಗಿರೋದು. ಹಾಲಿನ ಥರ ಬಿಳಿಚಿದ್ರೆ ಕೇಕಿನ ಎಮಲ್ಷನ್ (ನೀರಲ್ಲಿ ಕದಡಿದ ಎಣ್ಣೆ), ಕೆಲವು ದಿನಕ್ಕೆ ಬಾಟಲಿ ಕುತ್ತಿಗೇಲಿ ಉಂಗುರ ಕಟ್ಟುತ್ತೆ. ಮೇಲೆ ಕಣ್ಣಿನ ಥರ ತೇಲಿದ್ರೆ ಎಣ್ಣೆ. ಚಾಕೊಲೇಟಿಗೆ ಅಂತ ಮಾರೋದು ಅಡುಗೆ ಎಣ್ಣೆಯಲ್ಲಿ ಕಲಸಿದ್ದು, ವೋಡ್ಕಾದಲ್ಲಿ ಎಂದೂ ಬೆರೆಯಲ್ಲ.

ಗೀತಾ: ಪುದೀನ ಎಣ್ಣೆ, ದಾಲ್ಚಿನ್ನಿ ಎಣ್ಣೆಯಂಥ ಶುದ್ಧ ಮಿಠಾಯಿ ಎಣ್ಣೆ ಆದ್ರೆ?

ಸವಿತಾ: ಪಾಕ ಸೇರಿಸೋಕೆ ಮುಂಚೆ, ವೋಡ್ಕಾಗೆ ಇನ್ನೂ ನೀರು ಬೆರೆಯದೆ ಇರುವಾಗ, ಹನಿ ಲೆಕ್ಕದಲ್ಲಿ. ಪಾಕ ಬಿದ್ದು ಆಲ್ಕೋಹಾಲ್ ಇಳಿದಾಗ ಮಬ್ಬಾದ್ರೆ ಎಣ್ಣೆ ಜಾಸ್ತಿ ಆಯ್ತು ಅಂತ. ಕೆಟ್ಟಿಲ್ಲ. ಇನ್ನಷ್ಟು ವೋಡ್ಕಾ ಹಾಕಿದ್ರೆ ತಿಳಿಯಾಗುತ್ತೆ. ದಾಲ್ಚಿನ್ನಿ ಎಣ್ಣೆ ಕೈಗೆ, ತುಟಿಗೆ ತಗುಲಿದ್ರೆ ಉರಿಯುತ್ತೆ, ಬಳಸಿ ಬಿಸಾಡೋ ಪ್ಲಾಸ್ಟಿಕ್ ಲೋಟವನ್ನೇ ತಿನ್ನುತ್ತೆ. ಗಾಜಿನ ಡ್ರಾಪರ್ ಬಳಸಿ.

ನಾಗರಾಜ: ಕೆನೆ ಹಾಕಿ ಕ್ರೀಮ್ ಲಿಕ್ಯೂರ್ ಮಾಡಿದ್ರೆ?

ಗೀತಾ: ಕಿತ್ತಳೆಯಲ್ಲಿ ಸಿಟ್ರಿಕ್ ಆಸಿಡ್ ಇದೆ ನಾಗರಾಜ, ಒಡೆದ ಹಾಲಾಗುತ್ತೆ.

ಸವಿತಾ: ಇನ್ನೊಂದು ಮಾತು, ಇದರಲ್ಲಿ ರಾಜಿ ಇಲ್ಲ. ಜಾತ್ರೆಯಲ್ಲಿ ಬಿಡಿಯಾಗಿ ಮಾರೋ, ಪದಾರ್ಥಗಳ ಪಟ್ಟಿ ಇಲ್ಲದ ಗುಲಾಬಿ ಮಿಠಾಯಿ ಬೇಡ. 2024ರ ಮಾರ್ಚಲ್ಲಿ ಬಾಂಬೆ ಮಿಠಾಯಿಗೆ ಹಾಕ್ತಿದ್ದ ರೋಡಮೈನ್-ಬಿ ಅನ್ನೋ ಬಟ್ಟೆ ಬಣ್ಣವನ್ನ ನಮ್ಮ ಸರ್ಕಾರ ನಿಷೇಧಿಸಿದ್ದು ನೆನಪಿದೆಯಲ್ಲ. ಆ ಬಣ್ಣ ಆಲ್ಕೋಹಾಲಲ್ಲಿ ಚೆನ್ನಾಗಿ ಕರಗುತ್ತೆ, ಕಣ್ಣಿಗೆ ಗೊತ್ತೇ ಆಗಲ್ಲ. ಹಾಗೇ ಲ್ಯಾಬ್ ಸ್ಪಿರಿಟ್, ಸರ್ಜಿಕಲ್ ಸ್ಪಿರಿಟ್ ತಂದು ಆಲ್ಕೋಹಾಲ್ ಏರಿಸೋಣ ಅಂತ ಯಾರೂ ಯೋಚಿಸಬೇಡಿ. ಮೆಥನಾಲ್ ಇದ್ರೆ ಕಣ್ಣು ಹೋಗುತ್ತೆ, ಜೀವವೂ ಹೋಗುತ್ತೆ.

ಮಂಜುನಾಥ: ಬಾಟಲಿ ಮೇಲೆ ದೊಡ್ಡದಾಗಿ ಬರೀರಿ, ಮೇಲಿನ ಕಪಾಟಲ್ಲಿಡಿ. ಫ್ರಿಜ್ಜಲ್ಲಿ ಕೇಸರಿ ನೀರು ಕಂಡ್ರೆ ಮಕ್ಕಳು ಶರಬತ್ತು ಅಂದ್ಕೊಳ್ತಾರೆ. ಚೆನ್ನಾಗಾಯ್ತು ಅಂತ ಮಾರೋಕೆ ಹೋಗೋದೂ ಬೇಡ, ಲೈಸೆನ್ಸ್ ಇಲ್ಲದೆ ಮದ್ಯ ಮಾರೋದು ಅಬಕಾರಿ ಕಾಯ್ದೆಯಲ್ಲಿ ಅಪರಾಧ.

ನಾಗರಾಜ: ಸರಿ. ಫಾರ್ವರ್ಡ್ ಡಿಲೀಟ್ ಮಾಡಿದೆ. 150 ಗ್ರಾಂ, 75 ಬಿಸಿನೀರು, ಎಸೆನ್ಸ್ 100ಕ್ಕೆ 0.1ರಿಂದ ಶುರು. ಎಷ್ಟು ದಿನ ಬಿಡ್ಬೇಕು?

ಮಂಜುನಾಥ: ಒಂದು ವಾರ ಸಾಕು. ನಾನು ಮಾತ್ರ ಪಾಕದ ಬಾಟಲಿನೇ ತರ್ತೀನಿ, ಪಕ್ಕಪಕ್ಕ ಇಟ್ಟು ರುಚಿ ನೋಡೋಣ.

ಗೀತಾ: ತಾ. ಲೇಬಲ್ ಮುಚ್ಚಿ ತಾ.