ಎಲ್ಲರೂ ಸತ್ತ ಮೇಲೆ ಆ ಕಾಗದ ಬೇಕಿತ್ತಾ?

ಮಂಡಿಪೇಟೆ ಓದುಗ, ದಾವಣಗೆರೆ:
ಅಗಾಥಾ ಕ್ರಿಸ್ಟಿಯ 1939ರ ಕಾದಂಬರಿ 'ಆ್ಯಂಡ್ ದೆನ್ ದೇರ್ ವರ್ ನನ್' ಮುಗಿಸಿದೆ. ಗಿರಾಕಿ ಇಲ್ಲದ ಮಧ್ಯಾಹ್ನ ಗಲ್ಲಾ ಮೇಲೇ ಶುರು ಮಾಡಿದ್ದು, ತರಿಸಿದ ಮಿರ್ಚಿ ತಣ್ಣಗಾದರೂ ಕೈ ಹಾಕಲಿಲ್ಲ. ಡೆವನ್ ಕರಾವಳಿಯ ದ್ವೀಪದಲ್ಲಿ ಹತ್ತು ಜನ. ಗ್ರಾಮಫೋನ್ ಒಬ್ಬೊಬ್ಬರ ಹೆಸರು ಹಿಡಿದು ಕೊಲೆ ಆರೋಪ ಹೊರಿಸುತ್ತದೆ. ಆಮೇಲೆ ಒಂದೊಂದೇ ಹೆಣ, ಮೇಜಿನ ಮೇಲಿನ ಗೊಂಬೆ ಒಂದೊಂದೇ ಮಾಯ. ಅಬ್ಬಾ! ಆದರೆ ಕೊನೆಗೆ ಬಾಟಲಿಯಲ್ಲಿ ಸಿಗುವ ತಪ್ಪೊಪ್ಪಿಗೆ ಕಾಗದ? ಅದಿಲ್ಲದೆ ಕೊಲೆಗಾರ ಯಾರಂತ ಹಿಡಿಯೋಕೆ ಆಗ್ತಿತ್ತಾ? ನನಗಂತೂ ಇದು ಸುಮ್ನೆ ಮೋಸ ಅನ್ನಿಸಿತು.

ಕೋಟೆ ಕಡೆಯವಳು, ಚಿತ್ರದುರ್ಗ:
ಮೋಸ ಏನಿಲ್ಲ ಅಣ್ಣ. ಕಾಗದಕ್ಕೂ ಮುಂಚೆ ಪೊಲೀಸರು ಮಾತಾಡೋ ಭಾಗ ಮತ್ತೆ ಓದಿ. ಹತ್ತು ಜನರಲ್ಲಿ ಕೊನೆಗೆ ಉಳಿದ ವೆರಾ ನೇಣು ಹಾಕಿಕೊಂಡಾಗ ಒದ್ದ ಕುರ್ಚಿ ಬಿದ್ದಲ್ಲೇ ಇರಬೇಕು ಅಲ್ವಾ? ಅದು ಗೋಡೆಗೆ ಒತ್ತಿ ನೀಟಾಗಿ ನಿಂತಿತ್ತು. ಅಂದರೆ ಅವಳು ಸತ್ತ ಮೇಲೂ ಯಾರೋ ಬದುಕಿದ್ದರು. ಕೊಲೆಗಳೆಲ್ಲ ಒಂದು ಮಕ್ಕಳ ಪದ್ಯದ ಪ್ರಕಾರ ನಡೆಯುತ್ತವಲ್ಲ, ಅದರಲ್ಲಿ ನಾಲ್ವರು ಸಮುದ್ರಕ್ಕೆ ಹೋಗಿ ಒಬ್ಬನನ್ನು 'ರೆಡ್ ಹೆರಿಂಗ್' ನುಂಗೋ ಸಾಲೂ ನೋಡಿ. ಇಂಗ್ಲಿಷಿನಲ್ಲಿ ಆ ಮಾತಿಗೆ ದಾರಿ ತಪ್ಪಿಸೋ ಸುಳಿವು ಅಂತಲೂ ಅರ್ಥ, ಹತ್ತರಲ್ಲಿ ಒಬ್ಬನಾದ ಡಾಕ್ಟರ್ ಯಾರನ್ನೋ ನಂಬಿ ಕೆಟ್ಟ ಅಂತ ಅಲ್ಲೇ ಸುಳಿವಿದೆ.

ನಾಟಕದ ಹುಚ್ಚ:
1943ರಲ್ಲಿ ಕ್ರಿಸ್ಟಿಯೇ ಇದನ್ನು ನಾಟಕ ಮಾಡಿದಾಗ ಕೊನೆ ಬದಲಿಸಿದರು, ಇಬ್ಬರು ಬದುಕುತ್ತಾರೆ. 1945ರ ಸಿನಿಮಾನೂ ಹಾಗೇ. ನನಗೆ ಅದು ಸಪ್ಪೆ.

ಮಂಡಿಪೇಟೆ ಓದುಗ:
ಕುರ್ಚಿ ವಿಷಯ ಕಣ್ಣಿಗೇ ಬಿದ್ದಿರಲಿಲ್ಲ, ತಂಗೀ! ಆದರೂ ಕಾಗದ ಜಾಸ್ತಿ ಉದ್ದ ಆಯ್ತು ಅನ್ನೋ ಮಾತಿಂದ ನಾನು ಇಳಿಯಲ್ಲ.