ಬಾಯಿ ತೆರೆಸುವ ಸ್ಕ್ರೂಗೆ ಸರ್ಕಾರದ ಗ್ರಾಂಟ್ ಸಿಗಬಹುದಾ?

ಬದಿಯಡ್ಕದ ಲೇತ್:

ನಮಸ್ಕಾರ. ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಸಣ್ಣ ಲೇತ್ ವರ್ಕ್‌ಶಾಪ್. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ಪಂಪ್‌ಗಳ ರಿಪೇರಿ, ಉಳಿದ ದಿನ ಗೇಟು, ಶಾಫ್ಟು, ಬುಶ್ಶು. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಎರಡು ವರ್ಷದ ಹಿಂದೆ ನಾನೂ ಚಿಕ್ಕಪ್ಪನ ಮಗಳೂ ಸೇರಿ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದೆವು. ಅವಳು ಬಿಡಿಎಸ್ ಮುಗಿಸಿದ್ದಾಳೆ. ಕಂಪನಿ ಅಂದರೆ ಒಂದು ಬೋರ್ಡು ಇದೆ, ಆಡಿಟರಿಗೆ ವರ್ಷ ವರ್ಷ ಫೀಸು ಕೊಡುತ್ತೇವೆ, ಅಷ್ಟೆ.

ಇದೆಲ್ಲ ಶುರುವಾದದ್ದು ದೊಡ್ಡಪ್ಪನಿಂದ. ಬಾಯಲ್ಲಿ ಅಡಿಕೆ ಇಲ್ಲದ ಹೊತ್ತೇ ಅವರಿಗಿರಲಿಲ್ಲ. ಮೊದಲು ಉಪ್ಪಿನಕಾಯಿ ತಾಗಿದರೆ ಉರಿ ಅಂದರು. ಆಮೇಲೆ ಬಾಯಿ ತೆರೆಯುವುದೇ ಕಡಿಮೆಯಾಯಿತು. ಈಗ ಒಂದೂವರೆ ಬೆರಳು ಹೋಗುವಷ್ಟು. ಕುಚ್ಚಲಕ್ಕಿ ಗಂಜಿಯನ್ನೂ ಚಮಚ ಓರೆ ಮಾಡಿ ಉಣ್ಣಬೇಕು. ಹಲ್ಲಿನ ಡಾಕ್ಟರು ಇದು ಅಡಿಕೆ ಜಗಿದು ಬಾಯಿಯ ಒಳಪದರ ಗಟ್ಟಿಯಾಗುವ ಕಾಯಿಲೆ, ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂದರು, ಐಸ್‌ಕ್ಯಾಂಡಿ ಕಡ್ಡಿಯಂಥ ಮರದ ಕಡ್ಡಿಗಳ ಒಂದು ಕಟ್ಟು ಕೊಟ್ಟರು. ಹಲ್ಲಿನ ನಡುವೆ ಒಂದರ ಮೇಲೊಂದು ಇಟ್ಟು, ದಿನ ಹೋದ ಹಾಗೆ ಒಂದೊಂದು ಜಾಸ್ತಿ ತುರುಕಬೇಕು. ದೊಡ್ಡಪ್ಪ ಎರಡು ದಿನ ಮಾಡಿದರು. ಮೂರನೇ ದಿನ ಕಡ್ಡಿ ಬಚ್ಚಲೊಲೆಗೆ ಹೋಯಿತು.

ಹಾಗೆ ನಾನೊಂದು ಸಾಧನ ಮಾಡಿದೆ. ಎರಡು ಸ್ಟೀಲ್ ತುಂಡು, ತುದಿಗೆ ಸಿಲಿಕಾನ್ ಪ್ಯಾಡು, ನಡುವೆ ಎಂ6, ಅಂದರೆ 6 ಮಿಲಿಮೀಟರ್ ದಪ್ಪದ ಸ್ಕ್ರೂ. ಎಂ6ರ ಪಿಚ್ 1 ಮಿಲಿಮೀಟರ್. ಒಂದು ಸುತ್ತು ತಿರುಗಿಸಿದರೆ 1 ಮಿಲಿಮೀಟರ್ ತೆರೆಯುತ್ತದೆ, ಸಾಕೆನಿಸಿದರೆ ಅರ್ಧ ಸುತ್ತು. ಪಕ್ಕದಲ್ಲಿ ಸಣ್ಣ ಸ್ಕೇಲ್ ಕೂಡ ಕೆತ್ತಿದ್ದೇನೆ. ದೊಡ್ಡಪ್ಪ ಟಿವಿ ನೋಡುತ್ತಾ ಅವರೇ ತಿರುಗಿಸುತ್ತಾರೆ. ನೆರೆಕರೆಯ ಇಬ್ಬರು ಕೇಳಿದರು, ಅವರಿಗೂ ಮಾಡಿ ಕೊಟ್ಟೆ.

ಈಗ ತಂಗಿ ಹೇಳುತ್ತಾಳೆ, ಬೈರಾಕ್ ಅಂತ ಬಯೋಟೆಕ್ ಕಂಪನಿಗಳಿಗೆ ನೆರವು ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ಅದರ ಬಿಗ್ ಗ್ರಾಂಟ್‌ಗೆ ಹಾಕೋಣ, 50 ಲಕ್ಷದವರೆಗೆ ಕೊಡುತ್ತಾರೆ, 18 ತಿಂಗಳು ಸಮಯ, ಜನವರಿ 1ಕ್ಕೆ ಅರ್ಜಿ ತೆರೆಯುತ್ತದೆ ಅಂತ. ನನಗೆ ತಲೆ ಗಿರ್ ಅಂತಿದೆ ಮಾರಾಯ್ರೆ. ಯೂಟ್ಯೂಬಲ್ಲಿ ಎಸ್‌ಬಿಐಆರ್ ಅಂತ ಒಂದು, ಎಸ್‌ಬಿಐಆರ್‌ಐ ಅಂತ ಇನ್ನೊಂದು. ಅಪ್ಪ ಪಕ್ಕದಲ್ಲಿ ಕೂತು ಕೇಳಿ "ಬ್ಯಾಂಕ್ ಲೋನ್ ಬೇಡ" ಅಂದರು!

ನಮ್ಮಲ್ಲಿ ಲ್ಯಾಬ್ ಅಂತ ಏನಿಲ್ಲ, ಲೇತ್ ಮಾತ್ರ. ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ಇನ್‌ಕ್ಯುಬೇಟರ್ (ಹೊಸ ಕಂಪನಿಗಳಿಗೆ ಜಾಗ, ಸೌಕರ್ಯ ಕೊಡುವ ಕೇಂದ್ರ) ಇದೆ, ಆದರೆ ಅದು ತೆಂಗು, ಕೃಷಿ ಉತ್ಪನ್ನದವರಿಗೆ. ಪಂಚಾಯತ್ ಲೈಸೆನ್ಸು ಮಲಯಾಳದಲ್ಲಿದೆ, ಅದು ನಡೆಯುತ್ತದಾ? ಇನ್ನೊಂದು, ಒಬ್ಬ ಕನ್ಸಲ್ಟೆಂಟ್ ಸಿಕ್ಕಿದ್ದಾರೆ. ಅರ್ಜಿ ಬರೆಯಲು 60 ಸಾವಿರ ಮುಂಗಡ, ಹಣ ಬಂದರೆ ನೂರಕ್ಕೆ ಎಂಟು ಅಂತ ಹೇಳುತ್ತಾರೆ. ಸಾಧನ ನೋಡಲೇ ಇಲ್ಲ, ಫೋಟೋ ಕಳಿಸಿ ಸಾಕು ಅಂದರು. ಕೊಡಬಹುದಾ?

ಹೊಸೂರಕ್ಕ:

ಲೇತ್ ಅವರೇ, ಮೊದಲು ಆ ಮುಂಗಡ ಕೊಡಬೇಡಿ. ಉಳಿದದ್ದು ಆಮೇಲೆ.

ನಾನು ಬಿಗ್‌ಗೆ ಎರಡು ಸಲ ಹಾಕಿದವಳು. ಮೊದಲ ಸಲ ಬರಲಿಲ್ಲ, ಎರಡನೇ ಸಲ ಬಂತು. ಹೆಸರುಗಳ ಗೊಂದಲ ಬಿಡಿಸ್ತೀನಿ. ಎಸ್‌ಬಿಐಆರ್ ಅಮೆರಿಕದ್ದು, ಸಣ್ಣ ಕಂಪನಿಗಳ ಸಂಶೋಧನೆಗೆ ಅಲ್ಲಿನ ಸರ್ಕಾರ ಹಣ ಕೊಡುವ ಯೋಜನೆ. 1982ರ ಕಾನೂನಿಂದ ಬಂದದ್ದು, 500ಕ್ಕಿಂತ ಜಾಸ್ತಿ ನೌಕರರಿಲ್ಲದ ಅಲ್ಲಿನ ಕಂಪನಿಗಳಿಗೆ. ನಮಗೂ ಅದಕ್ಕೂ ಸಂಬಂಧ ಇಲ್ಲ, ಆ ವಿಡಿಯೋ ನೋಡಿ ನಿದ್ದೆ ಕೆಡಿಸ್ಕೋಬೇಡಿ. ಎಸ್‌ಬಿಐಆರ್‌ಐ ನಮ್ಮ ಬಯೋಟೆಕ್ನಾಲಜಿ ಇಲಾಖೆ 2005ರಲ್ಲಿ ಶುರು ಮಾಡಿದ್ದು. ಬೈರಾಕ್ ಹುಟ್ಟಿದ್ದು 2012ರಲ್ಲಿ, ಈಗ ಎಸ್‌ಬಿಐಆರ್‌ಐ, ಬಿಗ್ ಎರಡನ್ನೂ ನೋಡಿಕೊಳ್ಳೋದು ಅದೇ. ನಿಮ್ಮ ಹಂತಕ್ಕೆ ಬಿಗ್ ಸರಿ. ಕಂಪನಿಗೆ ಐದು ವರ್ಷ ದಾಟಿರಬಾರದು, ಅರ್ಧಕ್ಕಿಂತ ಜಾಸ್ತಿ ಷೇರು ಭಾರತೀಯರ ಕೈಯಲ್ಲಿರಬೇಕು. ಅದು ನಿಮಗಿದೆ. ಸ್ವಂತ ಲ್ಯಾಬ್ ಇಲ್ಲದವರು ಯಾವುದಾದರೂ ಇನ್‌ಕ್ಯುಬೇಟರ್‌ಗೆ ಸೇರಿರಬೇಕು. ಲೇತ್ ಷೆಡ್ಡನ್ನು ಲ್ಯಾಬ್ ಅಂತ ತೋರಿಸೋ ಸಾಹಸ ಬೇಡ. ಮಂಗಳೂರಲ್ಲೋ ಕಣ್ಣೂರಲ್ಲೋ ವಿಚಾರಿಸಿ, ಈಗಲೇ. ಅರ್ಜಿ ಪರಿಶೀಲಿಸೋದು ಬೈರಾಕ್‌ನ ಪಾಲುದಾರ ಸಂಸ್ಥೆಗಳು: ಬೆಂಗಳೂರಿನ ಸಿ-ಕ್ಯಾಂಪ್, ಹೈದರಾಬಾದಿನ ಐಕೆಪಿ, ಪುಣೆಯ ವೆಂಚರ್ ಸೆಂಟರ್, ಹೀಗೆ. ಯಾರು ಬೇಕು ಅಂತ ಫಾರ್ಮಲ್ಲಿ ನೀವೇ ಆರಿಸಬೇಕು. ಮಲಯಾಳದ ಕಾಗದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ ಇಟ್ಕೊಳ್ಳಿ. ನಮ್ಮದು ತಮಿಳಲ್ಲಿತ್ತು, ನಾನೂ ಹಾಗೇ ಮಾಡಿದ್ದು.

ಈಗ ಮುಖ್ಯ ವಿಷಯ. ನಮ್ಮದು ರಕ್ತದ ಸ್ಯಾಂಪಲ್ ಒಯ್ಯುವ ತಂಪು ಪೆಟ್ಟಿಗೆ. ಡೆಂಕಣಿಕೋಟೆ ಕಡೆಯ ಹಳ್ಳಿಗಳಲ್ಲಿ ತೆಗೆದ ರಕ್ತ ಹೊಸೂರಿನ ಲ್ಯಾಬಿಗೆ ಬರೋ ಹೊತ್ತಿಗೆ ಬಿಸಿಯಾಗಿರುತ್ತಿತ್ತು. ಮೊದಲ ಅರ್ಜಿಯಲ್ಲಿ ನಾನು ಬರೆದದ್ದೆಲ್ಲ ಪೆಟ್ಟಿಗೆಯ ಹೊಗಳಿಕೆ. ಅಗ್ಗ, ಹಗುರ, ತಂಪಾಗಿಡುತ್ತದೆ. ಮದುವೆ ಗಂಡಿನ ಬಯೋಡೇಟಾ ಥರ. ಎಷ್ಟು ಹೊತ್ತು ತಂಪಾಗಿಡುತ್ತದೆ ಅಂತ ಅರ್ಜಿ ನೋಡುವ ಪ್ಯಾನೆಲ್‌ನ ಒಬ್ಬರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ ಕಣ್ರೀ.

ಎರಡನೇ ಸಲಕ್ಕೆ ಮುಂಚೆ ಒಂದು ತಾಪಮಾನ ಲಾಗರ್ ಕೊಂಡೆ. ಪೆಟ್ಟಿಗೆಯೊಳಗೆ ನೀರು ತುಂಬಿದ ಟ್ಯೂಬುಗಳ ಮಧ್ಯೆ ಅದನ್ನಿಟ್ಟು, ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಹಿಂದೆ ಕಟ್ಟಿ ಹನ್ನೊಂದು ಸಲ ಓಡಾಡಿದೆ. ಐದೈದು ನಿಮಿಷಕ್ಕೆ ಒಂದು ರೀಡಿಂಗ್. 2ರಿಂದ 8 ಡಿಗ್ರಿ ಒಳಗಿರಬೇಕು. ಮೂರು ಗಂಟೆ ಚೆನ್ನಾಗಿತ್ತು, ನಾಲ್ಕನೇ ಗಂಟೆಗೆ 8 ದಾಟಿತು. ಹನ್ನೊಂದರಲ್ಲಿ ಏಳು ಸಲ ಹೀಗೇ. ಗ್ರಾಫಲ್ಲಿ ಆ ಗೆರೆ ಮೇಲೇಳೋದನ್ನು ನೋಡಿ ಅತ್ತುಬಿಟ್ಟಿದ್ದೆ. ನಮ್ಮ ಯಜಮಾನರು "ಇದನ್ನೇ ಹಾಕು" ಅಂದರು. ಹಾಕಿದೆ. "ಮೂರು ಗಂಟೆ ಆಗುತ್ತೆ, ಆರು ಗಂಟೆ ಬೇಕು, ಮುಚ್ಚಳದ ಅಂಚಲ್ಲಿ ಬಿಸಿ ನುಗ್ಗುತ್ತಿದೆ ಅಂತ ಅನುಮಾನ, 18 ತಿಂಗಳಲ್ಲಿ ಇದನ್ನು ಪತ್ತೆ ಮಾಡ್ತೀವಿ" ಅಂತ ಬರೆದೆ. ಪ್ಯಾನೆಲ್ ಮುಂದೆ ಅರ್ಧ ಹೊತ್ತು ಆ ಮುಚ್ಚಳದ ಬಗ್ಗೆಯೇ ಮಾತು ನಡೀತು.

ನಿಮ್ಮ ಸಾಧನ ಆಗಲೇ ಕೆಲಸ ಮಾಡುತ್ತೆ ಅಂತ ಬರೆದರೆ, ಮಾರಿ ಅಂತಾರೆ, ಗ್ರಾಂಟ್ ಯಾಕೆ? ನಿಮಗೆ ಏನು ಗೊತ್ತಿಲ್ಲ ಅನ್ನೋದನ್ನು ಹುಡುಕಿ. ಕಡ್ಡಿಗಿಂತ ಸ್ಕ್ರೂ ಹೆಚ್ಚು ತೆರೆಸುತ್ತಾ? ಜನ ಮೂರು ತಿಂಗಳು ಬಿಡದೆ ತಿರುಗಿಸ್ತಾರಾ? ಇದನ್ನು ಎಂಟು ಪರ್ಸೆಂಟ್‌ನವರು ಬರೆಯೋಕಾಗಲ್ಲ, ನೀವೇ ಬರೀಬೇಕು. ಇಂಗ್ಲಿಷ್ ಸಾದಾ ಇರಲಿ, ಪರವಾಗಿಲ್ಲ. ನಾನು ಕನ್ನಡದಲ್ಲಿ ಬರೆದು, ಮಗಳ ಹತ್ತಿರ ಇಂಗ್ಲಿಷ್ ಮಾಡಿಸಿದೆ.

ಇನ್ನೊಂದು ಮಾತು. 50 ಲಕ್ಷ ಕೊಡ್ತಾರೆ ಅಂತ 50 ಲಕ್ಷ ಕೇಳಲೇಬೇಕು ಅಂತಿಲ್ಲ. ಈಗ ಮಾದರಿ ಸುಧಾರಿಸೋಕೆ ಅಷ್ಟೇ ಬೇಕಾದರೆ ನಿಧಿ ಪ್ರಯಾಸ್ ಅನ್ನೋ ಇನ್ನೊಂದು ಸರ್ಕಾರಿ ಯೋಜನೆ ನೋಡಿ, ಹತ್ತು ಲಕ್ಷದವರೆಗೆ ಇದೆ. ಬಿಗ್‌ಗೆ ಜನವರಿ ತಪ್ಪಿದರೆ ಜುಲೈ 1 ಇದೆ.

ಉಪ್ಪಳದ ಹಲ್ಲು ಡಾಕ್ಟರ್:

ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ. ನೆರೆಕರೆಯವರಿಗೆ ಕೊಟ್ಟದ್ದನ್ನು ವಾಪಸ್ ತನ್ನಿ. ಸ್ಕ್ರೂವಿನ ಬಲ ಎಷ್ಟು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಡಿಲವಾದ ಮುಂದಿನ ಹಲ್ಲಿನ ಮೇಲೆ ಆ ಬಲ ಬಿದ್ದರೆ ಹಲ್ಲು ಕೈಗೆ ಬರುತ್ತದೆ. ಕಡ್ಡಿಯ ಒಳ್ಳೆಯ ಗುಣ ಅದೇ, ಜಾಸ್ತಿ ತುರುಕಿದರೆ ಕಡ್ಡಿಯೇ ಮುರಿಯುತ್ತದೆ. ನಿಮ್ಮ ಸಾಧನದಲ್ಲಿ ಮೊದಲು ಸೋಲಬೇಕಾದ ಭಾಗ ಯಾವುದು ಅಂತ ಯೋಚಿಸಿ.

ರೋಗಿಗಳ ಮೇಲೆ ಪ್ರಯೋಗ ಮಾಡಲು ಎಥಿಕ್ಸ್ ಕಮಿಟಿ, ಅಂದರೆ ರೋಗಿಗಳಿಗೆ ಅನ್ಯಾಯ ಆಗದಂತೆ ನೋಡುವ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಓದಿ, ನಿಮ್ಮ ತಂಗಿಗೆ ಗೊತ್ತಿರುತ್ತದೆ. ಒಂದು ಡೆಂಟಲ್ ಕಾಲೇಜನ್ನು ಜೊತೆಗೆ ಸೇರಿಸಿಕೊಂಡರೆ ಕಮಿಟಿಯೂ ಸಿಗುತ್ತದೆ, ರೋಗಿಗಳೂ ಸಿಗುತ್ತಾರೆ. ಒಪ್ಪಿಗೆ ಪತ್ರ ನಮ್ಮ ಊರಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಬೇಕು. ತುಳು ಮಾತಾಡುವವರಿಗೆ ಬಾಯಲ್ಲಿ ಓದಿ ಹೇಳಬೇಕು.

ಆ ಸ್ಕೇಲಿನ ವಿಷಯ. ಕ್ರಿಮಿರಹಿತ ಮಾಡದ, ಅಳತೆ ಮಾಡದ ಎ ವರ್ಗದ, ಅಂದರೆ ಅತಿ ಕಡಿಮೆ ಅಪಾಯದ ವೈದ್ಯಕೀಯ ಸಾಧನಕ್ಕೆ ಲೈಸೆನ್ಸಿನಿಂದ ವಿನಾಯಿತಿ ಇದೆ, ನೋಂದಣಿ ಸಾಕು. ಸ್ಕೇಲ್ ಕೆತ್ತಿದರೆ ಅದು ಅಳೆಯುವ ಸಾಧನ ಅನ್ನಿಸಿಕೊಳ್ಳಬಹುದು. ಎರಡು ಗೆರೆ ಕೆತ್ತಿದ್ದಕ್ಕೆ ಇಡೀ ದಾರಿ ಬದಲಾಗುತ್ತದೆ. ಲೇತಿನವರ ಅಳತೆಗೋಲು ವರ್ನಿಯರ್ ನಿಮ್ಮ ಹತ್ತಿರ ಇದೆಯಲ್ಲ, ಅದರಲ್ಲೇ ಅಳೆಯಿರಿ. ಮೇಲಿನ ಮುಂದಿನ ಹಲ್ಲಿನ ಅಂಚಿನಿಂದ ಕೆಳಗಿನ ಹಲ್ಲಿನ ಅಂಚಿಗೆ. ಮುಂದಿನ ಹಲ್ಲೇ ಇಲ್ಲದವರಿಗೆ ಹೇಗೆ ಅಂತಲೂ ಮೊದಲೇ ಬರೆದಿಡಿ, ಖಂಡಿತ ಕೇಳುತ್ತಾರೆ.

ವ್ಯಾಯಾಮದಿಂದ ಕಾಯಿಲೆ ಗುಣವಾಗುವುದಿಲ್ಲ. ಅರ್ಜಿಯಲ್ಲಿ "ಗುಣಪಡಿಸುತ್ತದೆ" ಅಂತ ಬರೆದರೆ ನಾನೇ ಪ್ಯಾನೆಲ್‌ನಲ್ಲಿದ್ದರೂ ತೆಗೆದು ಹಾಕುತ್ತೇನೆ. ಜಗಿಯುವುದು ನಿಲ್ಲಿಸದಿದ್ದರೆ ಯಾವ ಸ್ಕ್ರೂವಿನಿಂದಲೂ ಪ್ರಯೋಜನ ಇಲ್ಲ. ಇದು ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಇರುವ ಕಾಯಿಲೆ, ದೊಡ್ಡಪ್ಪನನ್ನು ಆಗಾಗ ತಪಾಸಣೆಗೆ ಕರೆದುಕೊಂಡು ಹೋಗಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಅನ್ನುವ ಪಟ್ಟಿಗೆ ಸೇರಿಸಿದೆ. ನಮ್ಮದೂ ತೋಟ ಇದೆ, ಹೇಳುವಾಗ ನನಗೂ ಗಂಟಲು ಕಟ್ಟುತ್ತದೆ.

ಲೆಕ್ಕದ ಮನುಷ್ಯ:

ಗ್ರಾಂಟ್ ಹಣಕ್ಕೆ ಬೇರೆ ಬ್ಯಾಂಕ್ ಖಾತೆ, ನೋ ಲಿಯನ್ ಖಾತೆ ಅನ್ನುತ್ತಾರೆ. ನಿಮ್ಮ ಬೇರೆ ಸಾಲಕ್ಕೆ ಬ್ಯಾಂಕ್ ಅದನ್ನು ಮುಟ್ಟುವ ಹಾಗಿಲ್ಲ. ಅದಕ್ಕೆ ಬಂದ ಬಡ್ಡಿಯೂ ನಿಮ್ಮದಲ್ಲ, ಸರ್ಕಾರದ್ದು. ಖರ್ಚಿಗೆ ಬಳಕೆ ಪ್ರಮಾಣಪತ್ರ ಕೊಡಬೇಕು. ಕನ್ಸಲ್ಟೆಂಟರ ನೂರಕ್ಕೆ ಎಂಟನ್ನು ಅದರಲ್ಲಿ ಯಾವ ತಲೆಬರಹದಡಿ ತೋರಿಸುತ್ತೀರಿ? ಮುಂದಿನ ಕಂತು ಬರುವುದು ಹಿಂದಿನ ಗುರಿ ಮುಟ್ಟಿದ ಮೇಲೆ. ನಡುವೆ ಎರಡು ಮೂರು ತಿಂಗಳ ಸಂಬಳ ಕೈಯಿಂದ ಹಾಕುವ ತಾಕತ್ತು ಇದೆಯಾ ನೋಡಿಕೊಳ್ಳಿ.

ಮತ್ತೆ, ಸಾಧನದ ಫೋಟೋ ಯಾರಿಗೂ ಕಳಿಸಬೇಡಿ. ಮೊದಲು ತಾತ್ಕಾಲಿಕ ಪೇಟೆಂಟ್ ಅರ್ಜಿ ಹಾಕಿ. ಸಣ್ಣವರಿಗೆ ಆನ್‌ಲೈನಲ್ಲಿ 1,600 ರೂಪಾಯಿ, ಪೂರ್ತಿ ಅರ್ಜಿ ಹಾಕಲು 12 ತಿಂಗಳು ಸಮಯ ಸಿಗುತ್ತದೆ.

ಬದಿಯಡ್ಕದ ಲೇತ್:

ಎಲ್ಲರಿಗೂ ಥ್ಯಾಂಕ್ಸ್. ಹೊಸೂರಕ್ಕಾ, ಕನ್ಸಲ್ಟೆಂಟರಿಗೆ ಬೇಡ ಅಂತ ಹೇಳಿ ಆಯಿತು. ಫೋಟೋ ಕಳಿಸಿರಲಿಲ್ಲ, ಪುಣ್ಯ. ಜನವರಿ ಬಿಟ್ಟು ಜುಲೈಗೆ ನೋಡುತ್ತೇವೆ. ತಂಗಿ ಅವಳ ಕಾಲೇಜಿನ ಮೇಡಂ ಹತ್ತಿರ ಮಾತಾಡಲು ಹೋಗಿದ್ದಾಳೆ.

ಡಾಕ್ಟ್ರೇ, ಎರಡು ಸಾಧನದಲ್ಲಿ ಒಂದು ವಾಪಸ್ ಬಂತು. ಇನ್ನೊಬ್ಬರು ಕೊಡುವುದಿಲ್ಲ, ದುಡ್ಡು ಬೇಕಾದರೆ ತಗೋ ಅಂದರು. ನಾಳೆ ಪುನಃ ಹೋಗಬೇಕು. ಮೊದಲು ಸೋಲುವ ಭಾಗಕ್ಕೆ ಒಂದು ಯೋಚನೆ ಬಂದಿದೆ, ಸ್ಕ್ರೂವಿನ ತಲೆಯನ್ನು ನೈಲಾನಿನಲ್ಲಿ ಮಾಡಿದರೆ ಬಲ ಜಾಸ್ತಿಯಾದಾಗ ಅದೇ ಜಾರಬಹುದು. ಎಷ್ಟು ಬಲಕ್ಕೆ ಜಾರುತ್ತದೆ ಅಂತ ಇನ್ನೂ ಅಳೆದಿಲ್ಲ.

ನಿನ್ನೆ ರಾತ್ರಿ ವರ್ನಿಯರ್ ತೊಳೆದು ಸ್ಪಿರಿಟಲ್ಲಿ ಒರೆಸಿ ದೊಡ್ಡಪ್ಪನ ಬಾಯಿ ಅಳೆದೆ. 22.6 ಮಿಲಿಮೀಟರ್. ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಟ್ಟಿದ್ದೇನೆ. ಸರಿ ಕಾಣಲಿ ಅಂತ ಟಾರ್ಚ್ ಹಾಕಿದೆ. ಎಡಗಡೆ ದವಡೆ ಸಂದಿಯಲ್ಲಿ ಒಂದು ಹೋಳು ಅಡಿಕೆ ಇತ್ತು.